ಮೆಚ್ಚದ ಮೇಲಧಿಕಾರಿ

ಕಚೇರಿಯಲ್ಲಿ ದುಡಿಯುವ ಸಂಸಾರಸ್ಥರ ಮನೆಗಳಲ್ಲಿ ಸಂಜೆಯ ಹೊತ್ತು ನಡೆಯುವ ಮಾತುಕತೆಯನ್ನು ಒಂದು ವಾರ ಕಿವಿಗೊಟ್ಟು ಕೇಳಿದರೆ, ಅದರಲ್ಲಿ ಬಹುಭಾಗ ಒಬ್ಬ ವ್ಯಕ್ತಿಯನ್ನು ಕುರಿತೇ ಇರುವುದು ತಿಳಿಯುತ್ತದೆ. ಆ ವ್ಯಕ್ತಿ ಆ ಮನೆಗೆ ಎಂದೂ ಬಂದವರಲ್ಲ. ಮನೆಯ ಮಕ್ಕಳು ಅವರ ಮುಖವನ್ನು ಕಂಡವರಲ್ಲ. ಆದರೂ ಅಂದಿನ ಸಾರು ನಾಲಿಗೆಗೆ ರುಚಿಸುವುದೂ ರುಚಿಸದಿರುವುದೂ, ಮಗುವಿನ ಲೆಕ್ಕವನ್ನು ತಾಳ್ಮೆಯಿಂದ ತಿದ್ದುವುದೂ ಅದರ ಮೇಲೆ ರೇಗುವುದೂ ಅವರಿಂದಲೇ ನಿರ್ಧಾರವಾಗಿಬಿಟ್ಟಿರುತ್ತದೆ. ಆ ವ್ಯಕ್ತಿಯೇ ಮೇಲಧಿಕಾರಿ. ಎಷ್ಟು ದುಡಿದರೂ ಮೆಚ್ಚದ, ಒಳ್ಳೆಯ ಮಾತೊಂದನ್ನು ಆಡಲು ಬಾರದ, ತಪ್ಪನ್ನು ಮಾತ್ರ ಕಾಣಬಲ್ಲ ಮೇಲಧಿಕಾರಿಯ ಕೈಕೆಳಗೆ ಮನುಷ್ಯನು ಹೇಗೆ ಬಾಳಬೇಕು ಎಂಬುದು ಇಂದಿನ ನಮ್ಮ ವಿಷಯ.

ಮೊದಲು ಒಂದು ಭೇದವನ್ನು ಗುರುತಿಸಿಕೊಳ್ಳುವುದು ನ್ಯಾಯ. ನಿಷ್ಠುರವಾಗಿರುವವರೆಲ್ಲ ಕೆಟ್ಟ ಅಧಿಕಾರಿಗಳಲ್ಲ. ಹೊತ್ತಿಗೆ ಸರಿಯಾಗಿ ಬರಬೇಕೆನ್ನುವವರು, ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದರೂ ಕಾಗದವನ್ನು ಹಿಂದಿರುಗಿಸುವವರು, ಸೋಮಾರಿಗೆ ಸೋಮಾರಿ ಎಂದೇ ಹೇಳುವವರು ನಮ್ಮಲ್ಲಿ ಅನೇಕರಿಗೆ ಗುರುಗಳಾಗಿದ್ದಾರೆ. ಅವರ ಕೋಪ ಕೆಲಸದ ಮೇಲೆ. ಕೆಲಸ ಸರಿಹೋದೊಡನೆ ಕೋಪವೂ ಮುಗಿಯಿತು. ನಾವು ಹೇಳಹೊರಟಿರುವುದು ಬೇರೊಂದು ಜಾತಿಯವರ ವಿಚಾರ. ಇವರ ಅತೃಪ್ತಿ ಕೆಲಸದ ಮೇಲಲ್ಲ, ಕೆಲಸ ಮಾಡುವವರ ಮೇಲೆ. ಟಿಪ್ಪಣಿ ಉದ್ದವಾದರೆ ಕಾಡುಹರಟೆ, ಚಿಕ್ಕದಾದರೆ ಅಸಡ್ಡೆ. ಕೇಳಿ ಮಾಡಿದರೆ ಸ್ವಂತ ಬುದ್ಧಿಯಿಲ್ಲ. ಕೇಳದೆ ಮಾಡಿದರೆ ಅಹಂಕಾರ. ಹತ್ತು ಮಂದಿಯ ಎದುರಿನಲ್ಲಿ ಗದರಿಸುವುದು, ನಮಸ್ಕಾರಕ್ಕೆ ಮರುನಮಸ್ಕಾರ ಮಾಡದಿರುವುದು, ಒಬ್ಬರ ಶ್ರಮವನ್ನು ಮತ್ತೊಬ್ಬರ ಹೆಸರಿಗೆ ಬರೆಯುವುದು, ರಾತ್ರಿ ಹತ್ತು ಗಂಟೆಗೆ ಮೊಬೈಲಿನಲ್ಲಿ ಒಂದು ಸಿಡುಕಿನ ಸಾಲನ್ನು ಕಳುಹಿಸಿ ನಿದ್ರೆ ಕೆಡಿಸುವುದು, ಇವು ಅವರ ಲಕ್ಷಣಗಳು. ಅಮೆರಿಕದ ವಿದ್ವಾಂಸರಾದ ಬೆನೆಟ್ ಟೆಪರ್ ಎಂಬವರು 2000ದಲ್ಲಿ ಈ ಬಗೆಯ ಆಡಳಿತವನ್ನು ಕುರಿತು ಒಂದು ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದರು. ಅವರು ಕೊಟ್ಟ ವ್ಯಾಖ್ಯೆಯ ಸಾರ ಇದು: ಮೈಮೇಲೆ ಕೈಮಾಡದೆ, ಮಾತಿನಿಂದಲೂ ಮುಖಚರ್ಯೆಯಿಂದಲೂ ಹಗೆತನವನ್ನು ಮತ್ತೆ ಮತ್ತೆ ತೋರುತ್ತಿರುವುದು. ಇಲ್ಲಿ 'ಮತ್ತೆ ಮತ್ತೆ' ಎಂಬುದೇ ಮುಖ್ಯ. ಒಂದು ದಿನದ ಸಿಡುಕು ಎಲ್ಲರಿಗೂ ಉಂಟು. ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ನಮ್ಮ ತಪ್ಪು.

ಈ ಕಷ್ಟ ಇಂದಿನದಲ್ಲ. ಇದರ ವಿಚಾರವಾಗಿ ಬಹು ಹಿಂದೆಯೇ ಆಲೋಚಿಸಿದ ಒಂದು ಗ್ರಂಥ ಲೋಕಕ್ಕೆ ಮರಳಿ ದೊರೆತದ್ದು ನಮ್ಮ ಮೈಸೂರಿನಲ್ಲಿಯೇ. ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಇಲ್ಲಿಯ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಅದನ್ನು ಅಚ್ಚುಹಾಕಿಸಿದರು. ಅದರ ಐದನೆಯ ಅಧಿಕರಣದಲ್ಲಿ ರಾಜಸೇವೆಗೆ ನಿಂತವನು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಪ್ರತ್ಯೇಕವಾದ ಪ್ರಕರಣಗಳಿವೆ. ಒಡೆಯನ ಮನಸ್ಸು ಮುರಿದಿದೆ ಎಂಬುದಕ್ಕೆ ಅಲ್ಲಿ ಹೇಳಿರುವ ಗುರುತುಗಳನ್ನು ಓದಿದರೆ, ಬರೆದವನು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತು ನೋಡಿದ್ದನೋ ಎನ್ನಿಸುತ್ತದೆ. ಕಂಡೊಡನೆ ಕೋಪ, ಮಾತನ್ನು ಕೇಳದಿರುವುದು ಅಥವಾ ತಡೆಯುವುದು, ಕುಳಿತುಕೊಳ್ಳಲು ಹೇಳದಿರುವುದು, ಕಣ್ಣೆತ್ತಿ ನೋಡದಿರುವುದು, ಮುಖದ ಬಣ್ಣವೂ ದನಿಯೂ ಬದಲಾಗುವುದು, ಇದ್ದಕ್ಕಿದ್ದಂತೆ ಎದ್ದುಹೋಗುವುದು, ಮತ್ತೊಬ್ಬನನ್ನು ಮೇಲಕ್ಕೆತ್ತುವುದು. ಅದೇ ಗ್ರಂಥ ಒಡೆಯನನ್ನು ಆರಿಸಿಕೊಳ್ಳುವ ವಿಚಾರದಲ್ಲಿ ಹೇಳಿರುವ ಮಾತು ಇನ್ನೂ ಮನನೀಯವಾದದ್ದು. ಐಶ್ವರ್ಯವಿಲ್ಲದವನನ್ನಾದರೂ ಆಶ್ರಯಿಸಬಹುದು, ಆದರೆ ತನ್ನನ್ನು ತಾನು ಆಳಿಕೊಳ್ಳಲಾರದವನನ್ನು ಆಶ್ರಯಿಸಬಾರದು ಎಂಬುದು ಅದರ ಅಭಿಪ್ರಾಯ. ಹೊಸದಾಗಿ ಕೆಲಸ ಹುಡುಕುವ ತರುಣರು ಸಂಬಳವೆಷ್ಟು ಎಂದು ಕೇಳಿದ ಮೇಲೆ, ಅಲ್ಲಿ ಈಗಾಗಲೇ ದುಡಿಯುತ್ತಿರುವವರನ್ನು ಕಂಡು ಮೇಲಿನವರ ಸ್ವಭಾವವೆಂಥದು ಎಂದೂ ಕೇಳುವುದು ಮೇಲು.

ಇಂಥ ಸ್ವಭಾವಕ್ಕೆ ಕಾರಣವೇನು? ಹುಟ್ಟಿನಿಂದಲೇ ಕ್ರೂರರಾದವರು ವಿರಳ. ಹೆಚ್ಚಿನವರು ಹೆದರಿದವರು. ನಮಗೆ ಕಾಣುವುದು ಅವರು ಕುಳಿತಿರುವ ದೊಡ್ಡ ಕುರ್ಚಿ; ಆ ಕುರ್ಚಿಯವರನ್ನು ನಿಲ್ಲಿಸಿ ಪ್ರಶ್ನಿಸುವ ಇನ್ನೂ ದೊಡ್ಡ ಕುರ್ಚಿ ನಮಗೆ ಕಾಣುವುದಿಲ್ಲ. ಅಲ್ಲಿ ತಿಂದ ಪೆಟ್ಟು ಇಲ್ಲಿ ಇಳಿಯುತ್ತದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆ ಅಡಿಗೆಮನೆಯಲ್ಲಿ ಹುಟ್ಟಿದ್ದಾದರೂ ಕಚೇರಿಗೂ ಸಲ್ಲುತ್ತದೆ. ಕೆಲವರು ತಾವು ಕಲಿತ ಕಾಲದಲ್ಲಿ ಬೈಗುಳವನ್ನೇ ಪಾಠವೆಂದು ಕಲಿತವರು. ಹೊಗಳಿದರೆ ಕೈಕೆಳಗಿನವರು ಕೆಡುತ್ತಾರೆಂದು ಪ್ರಾಮಾಣಿಕವಾಗಿ ನಂಬಿದವರು. ಮತ್ತೆ ಕೆಲವರು, ಗುಮಾಸ್ತೆಯಾಗಿ ಬಹಳ ಚೆನ್ನಾಗಿ ದುಡಿದರೆಂಬ ಕಾರಣದಿಂದಲೇ ಬಡ್ತಿ ಪಡೆದು, ಜನರನ್ನು ನಡೆಸುವ ವಿದ್ಯೆಯನ್ನು ಯಾರಿಂದಲೂ ಕಲಿಯದೆ ಕಂಗಾಲಾದವರು. ಕಾರಣವನ್ನು ತಿಳಿದುಕೊಂಡರೆ ಅಪರಾಧ ಮಾಫಿಯಾಗುವುದಿಲ್ಲ. ಆದರೆ ಒಂದು ಪ್ರಯೋಜನವುಂಟು: 'ಇದೆಲ್ಲ ನನ್ನ ಅಯೋಗ್ಯತೆಯಿಂದ' ಎಂಬ ಸುಳ್ಳು ನಂಬಿಕೆ ಸಡಿಲವಾಗುತ್ತದೆ.

ಆ ಸುಳ್ಳು ನಂಬಿಕೆಯೇ ಎಲ್ಲಕ್ಕಿಂತ ಹೆಚ್ಚು ಕೆಡುಕನ್ನು ಮಾಡತಕ್ಕದ್ದು. ಟೆಪರ್ ಅವರು ಕಂಡದ್ದೇನೆಂದರೆ, ಇಂಥವರ ಕೈಕೆಳಗಿದ್ದವರಲ್ಲಿ ಅನೇಕರು ಕೆಲಸ ಬಿಟ್ಟುಹೋದರು. ಉಳಿದವರಲ್ಲಿ ಕೆಲಸದ ತೃಪ್ತಿ ಮಾತ್ರವಲ್ಲ, ಬಾಳಿನ ತೃಪ್ತಿಯೂ ಕುಗ್ಗಿತು, ಮನೆಗೂ ಕಚೇರಿಗೂ ಘರ್ಷಣೆ ಹೆಚ್ಚಿತು. ಬೇರೆಲ್ಲಿಗೂ ಹೋಗಲು ಅವಕಾಶ ಕಡಮೆಯಿದ್ದವರಲ್ಲಿ ಈ ನೋವು ಇನ್ನೂ ತೀವ್ರವಾಗಿತ್ತು. ಶರೀರವೂ ಇದರಿಂದ ತಪ್ಪಿಸಿಕೊಳ್ಳಲಾರದು. ಲಂಡನ್ನಿನ ಸರಕಾರಿ ನೌಕರರ ಆರೋಗ್ಯವನ್ನು ಕುರಿತು 1967ರಲ್ಲಿ ಆರಂಭವಾದ ವೈಟ್‌ಹಾಲ್ ಪರಿಶೋಧನೆಯಲ್ಲಿ, ಅತ್ಯಂತ ಕೆಳದರ್ಜೆಯವರಲ್ಲಿ ಹೃದ್ರೋಗದ ಮರಣವು ಅತ್ಯಂತ ಮೇಲುದರ್ಜೆಯವರಲ್ಲಿದ್ದುದರ ಸುಮಾರು ಮೂರರಷ್ಟಿರುವುದು ಕಂಡುಬಂದಿತು. ಧೂಮಪಾನ, ರಕ್ತದೊತ್ತಡ ಮೊದಲಾದವುಗಳನ್ನು ಲೆಕ್ಕಕ್ಕೆ ಹಿಡಿದರೂ ಆ ವ್ಯತ್ಯಾಸ ಪೂರ್ತಿಯಾಗಿ ಅಳಿಯಲಿಲ್ಲ. 1985ರಲ್ಲಿ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ 10,308 ಮಂದಿ ನೌಕರರನ್ನು, ಗಂಡಸರನ್ನೂ ಹೆಂಗಸರನ್ನೂ, ಸೇರಿಸಿಕೊಂಡು ಎರಡನೆಯ ಪರಿಶೋಧನೆ ಹೊರಟಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು ಹೃದಯಕ್ಕೆ ಕೆಡುಕೆಂದು ಅದರಿಂದ ತಿಳಿಯಿತು. ಮೇಲಧಿಕಾರಿಗಳು ತಮ್ಮನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಾರೆಂದು ಭಾವಿಸಿದ ಗಂಡಸರಲ್ಲಿ ಹೃದ್ರೋಗದ ಸಂಭವ ಕಡಮೆಯಾಗಿತ್ತೆಂದು ಅದೇ ಪರಿಶೋಧನೆಯ ಆಧಾರದ ಮೇಲೆ 2005ರಲ್ಲಿ ಪ್ರಕಟವಾಯಿತು. ಆದುದರಿಂದ ಮೇಲಧಿಕಾರಿಯ ಮಾತು ಎದೆಗೆ ನಾಟಿತು ಎಂದು ನಾವಾಡುವುದು ಬರಿಯ ಅಲಂಕಾರವಲ್ಲ.

ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ಹಾನಿಯುಂಟು. ಅದು ಮೌನ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದ ನಮಗೆ ಮೌನದಿಂದ ಆಗುವ ಅನರ್ಥ ಬೇಗ ಹೊಳೆಯುವುದಿಲ್ಲ. ನಾವು ಮೊದಲು ಸೇರಿದ ಕಚೇರಿಯಲ್ಲಿ ನಡೆದದ್ದನ್ನು ಇಲ್ಲಿ ಹೇಳುವುದು ಅನುಚಿತವಾಗಲಾರದು. ಮೇಲಕ್ಕೆ ಹೋಗಬೇಕಾಗಿದ್ದ ಒಂದು ತಖ್ತೆಯಲ್ಲಿ ಒಂದೇ ಸಾಲು ಎರಡು ಸಲ ಕೂಡಿಹೋಗಿರುವುದು ನಮ್ಮ ಕಣ್ಣಿಗೆ ಬಿತ್ತು. ಹಿಂದಿನ ದಿನವಷ್ಟೇ ಅಧಿಕಾರಿಗಳು, ಹೀಗೆಯೇ ತಪ್ಪು ತೋರಿಸಲು ಹೋದ ನಮ್ಮ ಮುಂದೆ ಕಾಗದವನ್ನು ನೆಲಕ್ಕೆಸೆದು, 'ನಿಮ್ಮನ್ನು ಕೇಳಿದವರು ಯಾರು?' ಎಂದಿದ್ದರು. ಆ ಮಾತು ಕಿವಿಯಲ್ಲಿ ಮೊಳಗುತ್ತಲೇ ಇತ್ತು. ನಾವು ಸುಮ್ಮನಾದೆವು. ತಖ್ತೆ ರುಜುವಾಗಿ ಹೊರಟುಹೋಯಿತು. ಕೆಲವು ವಾರಗಳಲ್ಲಿ ಅದು ಆಕ್ಷೇಪಣೆಯೊಡನೆ ಹಿಂದಿರುಗಿದಾಗ ಷರಾ ಬಿದ್ದದ್ದು ಅಧಿಕಾರಿಗಳ ಮೇಲಲ್ಲ, ನಮ್ಮ ಮೇಲೂ ಅಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ, ನಮಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರ ಮೇಲೆ. ಅವರು ಒಂದು ಮಾತನ್ನೂ ಆಡಲಿಲ್ಲ. ಕನ್ನಡಕವನ್ನು ತೆಗೆದು ಒರೆಸಿಕೊಂಡು ಮತ್ತೆ ಕಾಗದ ಬರೆಯಲು ಕುಳಿತರು. ಕಾಗದವನ್ನು ಎಸೆದದ್ದು ಅಧಿಕಾರಿಗಳ ತಪ್ಪು, ನಿಜ. ಆದರೆ ಬಾಯಿ ಮುಚ್ಚಿಕೊಂಡದ್ದು ನಮ್ಮದೇ ತಪ್ಪು. ಮೇಲಧಿಕಾರಿಯ ದುಃಸ್ವಭಾವವು ನಮ್ಮನ್ನು ದುಃಖಕ್ಕೆ ಈಡುಮಾಡುವುದಲ್ಲದೆ ಅಪರಾಧದಲ್ಲಿ ಪಾಲುಗಾರರನ್ನಾಗಿಯೂ ಮಾಡಬಲ್ಲದೆಂದು ಅಂದು ತಿಳಿಯಿತು.

ಕಚೇರಿಯ ತಖ್ತೆಯಲ್ಲಿ ಹೋಗುವುದು ಹಣ. ಬೇರೆ ಕಡೆಗಳಲ್ಲಿ ಪ್ರಾಣವೇ ಹೋಗುತ್ತದೆ. 1977ರ ಮಾರ್ಚಿ 27ರಂದು ಟೆನೆರೀಫ್ ದ್ವೀಪದ ವಿಮಾನನಿಲ್ದಾಣದಲ್ಲಿ ಮಂಜು ಕವಿದಿದ್ದಾಗ, ಡಚ್ಚರ ಒಂದು ದೊಡ್ಡ ವಿಮಾನ ಅಪ್ಪಣೆಯಿಲ್ಲದೆಯೇ ಮೇಲೇಳಲು ಓಡತೊಡಗಿತು. ಅಮೆರಿಕದ ಇನ್ನೊಂದು ವಿಮಾನ ಅದೇ ಹಾದಿಯಲ್ಲಿ ಇನ್ನೂ ಇದ್ದಿತು. ರೇಡಿಯೋದಲ್ಲಿ ಬಂದ ಮಾತನ್ನು ಕೇಳಿ ಸಂಶಯಪಟ್ಟ ವಿಮಾನದ ಇಂಜಿನಿಯರು, ಆ ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಕೇಳಿಯೇ ಕೇಳಿದರು. ಬಿಟ್ಟಿದೆಯೆಂದು ಕಪ್ತಾನರು ಖಂಡಿತವಾಗಿ ಹೇಳಿದರು. ಕಪ್ತಾನರು ದುಷ್ಟರೇನೂ ಅಲ್ಲ. ಇತರ ಚಾಲಕರಿಗೆ ಶಿಕ್ಷಣ ಕೊಡುತ್ತಿದ್ದ ಬಹು ಹಿರಿಯರು. ಇಂಜಿನಿಯರು ಮತ್ತೆ ಒತ್ತಿ ಕೇಳಲಿಲ್ಲ. ಕೆಲವೇ ಕ್ಷಣಗಳಲ್ಲಿ ಎರಡು ವಿಮಾನಗಳೂ ತಾಗಿ 583 ಮಂದಿ ಸತ್ತರು. ಈ ಮತ್ತು ಇಂಥ ಇತರ ದುರಂತಗಳ ತರುವಾಯ, 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಕರೆದ ಒಂದು ಸಮಾಲೋಚನೆಯಿಂದ ಮೊದಲಾಗಿ, ವಿಮಾನ ಸಿಬ್ಬಂದಿಗೆ ಹೊಸ ಬಗೆಯ ಶಿಕ್ಷಣ ರೂಢಿಗೆ ಬಂದಿತು. ಕಿರಿಯರು ಹಿರಿಯರ ತಪ್ಪನ್ನು ಹೇಗೆ ಎತ್ತಿ ಹೇಳಬೇಕು, ಹಿರಿಯರು ಅದನ್ನು ಹೇಗೆ ಕೇಳಬೇಕು ಎಂಬುದೇ ಅದರ ಒಂದು ಮುಖ್ಯ ಭಾಗ.

ಆ ಶಿಕ್ಷಣದಲ್ಲಿ ಹೇಳಿಕೊಡುವ ಐದು ಮೆಟ್ಟಿಲುಗಳು ನಮ್ಮ ಕಚೇರಿಗಳಿಗೂ ಒದಗುತ್ತವೆ. ಮೊದಲು ಹೆಸರಿನಿಂದಲೋ ಪದವಿಯಿಂದಲೋ ಕರೆದು ಗಮನವನ್ನು ಸೆಳೆಯುವುದು. ಎರಡನೆಯದು ತನ್ನ ಆತಂಕವನ್ನು ತನ್ನದೆಂದೇ ಹೇಳುವುದು. ಮೂರನೆಯದು ಕಂಡ ಸಂಗತಿಯನ್ನು ಇದ್ದಂತೆ ಮುಂದಿಡುವುದು. ನಾಲ್ಕನೆಯದು ಒಂದು ಪರಿಹಾರವನ್ನು ಸೂಚಿಸುವುದು. ಐದನೆಯದು ಒಪ್ಪಿಗೆ ಕೇಳುವುದು. 'ಸ್ವಾಮಿ, ಈ ತಖ್ತೆಯ ವಿಚಾರದಲ್ಲಿ ನನಗೆ ಸ್ವಲ್ಪ ಆತಂಕವಾಗಿದೆ. ಏಳನೆಯ ಸಾಲು ಎರಡು ಸಲ ಕೂಡಿದಂತಿದೆ. ಅರ್ಧ ಗಂಟೆಯಲ್ಲಿ ತಿದ್ದಿ ತರಬಲ್ಲೆ. ತರಬಹುದೇ?' ಈ ಮಾತಿನಲ್ಲಿ ಎಲ್ಲಿಯೂ 'ನೀವು ತಪ್ಪು ಮಾಡಿದಿರಿ' ಎಂಬುದಿಲ್ಲ. ಆದರೂ ಹೇಳಬೇಕಾದದ್ದು ಯಾವುದೂ ಉಳಿದಿಲ್ಲ. ಹೆದರಿದ ಅಧಿಕಾರಿಗೆ ಸಮಸ್ಯೆಯೊಂದನ್ನೇ ತಂದೊಪ್ಪಿಸಿದರೆ ಅವರ ಹೆದರಿಕೆ ಹೆಚ್ಚುತ್ತದೆ. ಪರಿಹಾರವನ್ನೂ ಜೊತೆಯಲ್ಲಿ ತಂದರೆ ಸಿಡುಕಲು ಅವಕಾಶ ಕಡಮೆಯಾಗುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ತಾತ್ಪರ್ಯವೂ ಇಷ್ಟೇ.

ಇನ್ನು ನಿತ್ಯದ ನಡವಳಿಕೆಯಲ್ಲಿ ಪಾಲಿಸಬಹುದಾದ ಕೆಲವು ಅಂಶಗಳನ್ನು ಹೇಳುತ್ತೇವೆ.

ಮೊದಲನೆಯದು, ಬೈಗುಳವನ್ನು ಸೋಸುವುದು. ಹತ್ತು ಕಟುವಾದ ಮಾತುಗಳಲ್ಲಿ ಒಂದು ನಿಜವಿದ್ದೀತು. ಆ ಒಂದನ್ನು ಕಾಳಿನಂತೆ ಆರಿಸಿಕೊಂಡು ತಿದ್ದಿಕೊಂಡರೆ ಲಾಭ ನಮ್ಮದು. ಉಳಿದ ಒಂಬತ್ತನ್ನು ಹೊಟ್ಟಿನಂತೆ ತೂರಿಬಿಡಬೇಕು. ನಮ್ಮ ಕೆಲಸದಲ್ಲಿ ದೋಷವಿಲ್ಲದಂತೆ ನೋಡಿಕೊಳ್ಳದೆ ಅಧಿಕಾರಿಯ ದೋಷವನ್ನು ಎಣಿಸುವುದು ನ್ಯಾಯವೂ ಅಲ್ಲ, ಕ್ಷೇಮವೂ ಅಲ್ಲ.

ಎರಡನೆಯದು, ಹೊತ್ತು ನೋಡಿ ಮಾತನಾಡುವುದು. ಬೆಳಗಿನ ಟಪಾಲಿನ ಗಲಿಬಿಲಿಯಲ್ಲಿ ರಜೆಯ ಅರ್ಜಿಯನ್ನು ಹಿಡಿದು ನಿಂತವರು ಬೈಸಿಕೊಂಡರೆ ಆಶ್ಚರ್ಯವಿಲ್ಲ. ಯಾರೂ ಇಲ್ಲದಾಗ, ಕಾಫಿ ಮುಗಿದ ಮೇಲೆ, ಎರಡೇ ಮಾತಿನಲ್ಲಿ ಹೇಳಿದರೆ ಅದೇ ಅಧಿಕಾರಿ ಬೇರೊಬ್ಬರಂತೆ ಕಾಣುವುದುಂಟು. ಹತ್ತು ಮಂದಿಯೆದುರು ಅವಮಾನ ಮಾಡಿದವರಿಗೆ ಹತ್ತು ಮಂದಿಯೆದುರೇ ಉತ್ತರ ಕೊಡುವುದು ಅವಿವೇಕ. ಮಾರನೆಯ ದಿನ ಏಕಾಂತದಲ್ಲಿ, 'ತಪ್ಪಿದ್ದರೆ ನನ್ನನ್ನು ಒಳಗೆ ಕರೆದು ಹೇಳಿ. ಖಂಡಿತವಾಗಿ ತಿದ್ದಿಕೊಳ್ಳುತ್ತೇನೆ' ಎಂದು ತಗ್ಗಿದ ದನಿಯಲ್ಲಿ, ಆದರೆ ತಲೆ ತಗ್ಗಿಸದೆ, ಹೇಳಬೇಕು.

ಮೂರನೆಯದು, ಬರೆದಿಟ್ಟುಕೊಳ್ಳುವುದು. ಬಾಯಿಮಾತಿನ ಅಪ್ಪಣೆಯನ್ನು ಮರುದಿನ ಅಲ್ಲಗಳೆಯುವ ಅಧಿಕಾರಿಗಳಿದ್ದಾರೆ. 'ತಾವು ತಿಳಿಸಿದಂತೆ ಹೀಗೆ ಮಾಡುತ್ತಿದ್ದೇನೆ' ಎಂದು ಅಂದೇ ಒಂದು ಸಾಲು ಬರೆದು ಕಳುಹಿಸಿ ನಕಲನ್ನು ಇಟ್ಟುಕೊಂಡರೆ ಅನೇಕ ಜಗಳಗಳು ಹುಟ್ಟುವುದೇ ಇಲ್ಲ. ಕಿರುಕುಳ ನಡೆದರೆ ದಿನ, ಹೊತ್ತು, ಆಡಿದ ಮಾತು, ಹತ್ತಿರವಿದ್ದವರು ಇಷ್ಟನ್ನು ಬಣ್ಣ ಕಟ್ಟದೆ ಬರೆದಿಡಬೇಕು.

ನಾಲ್ಕನೆಯದು, ಮನೆಯನ್ನು ಕಾಪಾಡಿಕೊಳ್ಳುವುದು. ದುಃಖವನ್ನು ಮನೆಯವರಿಗೆ ಹೇಳಬಾರದೆಂದಲ್ಲ. ಹೇಳಿ ಹಗುರಾಗುವುದು ಒಳ್ಳೆಯದೇ. ಆದರೆ ಹೇಳುವುದು ಬೇರೆ, ಅವರ ಮೇಲೆ ತೀರಿಸಿಕೊಳ್ಳುವುದು ಬೇರೆ. ಕಚೇರಿಯಿಂದ ನೇರವಾಗಿ ಮನೆಯೊಳಕ್ಕೆ ನುಗ್ಗದೆ, ಒಂದು ಗಳಿಗೆ ಕೆರೆಯ ಏರಿಯ ಮೇಲೋ ಉದ್ಯಾನದಲ್ಲೋ ನಡೆದು ಹೋಗುವವರು ಬುದ್ಧಿವಂತರು. ಸಂಗೀತ, ಓದು, ಗಿಡಬಳ್ಳಿ, ಯಾವುದಾದರೊಂದರಲ್ಲಿ ನಮ್ಮ ಯೋಗ್ಯತೆಯನ್ನು ಅಳೆಯುವ ಕೋಲು ಅಧಿಕಾರಿಯ ಕೈಯಲ್ಲಿರದಂತೆ ನೋಡಿಕೊಳ್ಳಬೇಕು.

ಐದನೆಯದು, ಜೊತೆಗಾರರು. ಒಬ್ಬರ ಮೇಲೆ ಬೈಗುಳ ಬಿದ್ದಾಗ ಉಳಿದವರು ಕಡತದಲ್ಲಿ ತಲೆ ಹುದುಗಿಸಿ, ಸದ್ಯ ತಮ್ಮ ಮೇಲೆ ಬೀಳಲಿಲ್ಲವೆಂದು ಸಂತೋಷಪಡುವುದು ನಮ್ಮ ಕಚೇರಿಗಳ ದೊಡ್ಡ ದೌರ್ಬಲ್ಯ. ಆಮೇಲೆ ಹೋಗಿ ಪಕ್ಕದಲ್ಲಿ ಕುಳಿತು, 'ಅದರಲ್ಲಿ ನಿಮ್ಮ ತಪ್ಪೇನೂ ಇರಲಿಲ್ಲ' ಎಂದು ಹೇಳುವುದಕ್ಕೆ ಖರ್ಚೇನೂ ಇಲ್ಲ. ಆದರೆ ಗುಂಪು ಕೂಡಿ ಅಧಿಕಾರಿಯನ್ನು ನಿಂದಿಸುತ್ತ ಕಾಲ ಕಳೆಯುವುದು ತುರಿಯನ್ನು ಕೆರೆದಂತೆ. ಹಿತವಾಗಿರುತ್ತದೆ, ಹುಣ್ಣು ದೊಡ್ಡದಾಗುತ್ತದೆ.

ಇಷ್ಟರಿಂದಲೂ ಆಗದಿದ್ದರೆ? ತಾಳಿದವನು ಬಾಳಿಯಾನು, ನಿಜ. ಆದರೆ ತಾಳ್ಮೆಗೆ ಒಂದು ಎಲ್ಲೆಯುಂಟು. ಸಿಡುಕಿಗೆ ಕಾನೂನು ಮದ್ದಲ್ಲ. ಆದರೆ ಸಿಡುಕು ಕಿರುಕುಳವಾದಾಗ, ಮಾನಕ್ಕೆ ಕೈಹಾಕಿದಾಗ ಸುಮ್ಮನಿರತಕ್ಕದ್ದಲ್ಲ. ಹೆಂಗಸರಿಗೆ ಕೆಲಸದ ಸ್ಥಳದಲ್ಲಿ ಆಗುವ ಲೈಂಗಿಕ ಕಿರುಕುಳದ ವಿಷಯದಲ್ಲಿ 2013ರ ಶಾಸನದಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆಗಳಲ್ಲಿ ಆಂತರಿಕ ಸಮಿತಿ ಇರಲೇಬೇಕು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರನ್ನು ಬರೆದು ಕೊಡಬೇಕು. ಜಾತಿಯನ್ನೆತ್ತಿ ಅವಮಾನಿಸುವುದರ ವಿರುದ್ಧ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ 1989ರ ಶಾಸನದ ರಕ್ಷಣೆಯುಂಟು. ಇತರ ದೇಶಗಳು ಇನ್ನೂ ಮುಂದೆ ಹೋಗಿವೆ. ಸ್ವೀಡನ್ನು 1993ರಲ್ಲಿಯೇ ಕೆಲಸದ ಸ್ಥಳದ ಪೀಡನೆಯ ವಿರುದ್ಧ ನಿಯಮ ಮಾಡಿತು. ಅಧಿಕಾರಬಲದಿಂದ ಮಾಡುವ ಕಿರುಕುಳವನ್ನು ತಡೆಯುವುದು ಮಾಲೀಕರ ಕರ್ತವ್ಯವೆಂದು ಜಪಾನು 2019ರಲ್ಲಿ ಶಾಸನ ತಿದ್ದಿ, ಮರುವರ್ಷ ದೊಡ್ಡ ಸಂಸ್ಥೆಗಳಿಗೂ 2022ರಲ್ಲಿ ಚಿಕ್ಕವುಗಳಿಗೂ ಅನ್ವಯಿಸಿತು.

ಕೊನೆಯ ಉಪಾಯ ಬಿಟ್ಟುಹೋಗುವುದು, ಇಲ್ಲವೆ ವರ್ಗ ಮಾಡಿಸಿಕೊಳ್ಳುವುದು. ಇದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಒಡೆಯನ ಮನಸ್ಸು ಮುರಿದುದನ್ನು ಸಣ್ಣ ಗುರುತುಗಳಿಂದಲೇ ತಿಳಿದು ಹೊರಟುಹೋದ ಕಾತ್ಯಾಯನ, ದೀರ್ಘಚಾರಾಯಣ ಮೊದಲಾದ ಹಿರಿಯರ ಹೆಸರುಗಳನ್ನು ಅರ್ಥಶಾಸ್ತ್ರ ಗೌರವದಿಂದಲೇ ಸ್ಮರಿಸುತ್ತದೆ. ಆದರೆ ಕೋಪದ ದಿನ ರಾಜೀನಾಮೆ ಬರೆಯಬಾರದು. ಮನೆಯ ಬಾಡಿಗೆ, ಮಕ್ಕಳ ಶಾಲೆಯ ಖರ್ಚು, ಮುಂದಿನ ಕೆಲಸ ಇವುಗಳನ್ನು ಕಾಗದದ ಮೇಲೆ ಲೆಕ್ಕ ಹಾಕಿ, ಸಮಾಧಾನದ ದಿನ ಬರೆಯಬೇಕು. ಬಿಡಲಾರದವರೂ ಅನೇಕರು, ಸಾಲವೋ ಮುಪ್ಪಿನ ತಂದೆತಾಯಿಗಳೋ ಅವರ ಕಾಲು ಕಟ್ಟಿರುತ್ತದೆ. ಅಂಥವರಿಗೆ ಧೈರ್ಯ ಸಾಲದೆಂದು ಹೊರಗಿನವರು ಹೇಳುವುದು ಸುಲಭ, ಆದರೆ ಸಲ್ಲದು. ನಿತ್ಯವೂ ಹೋಗಿ, ಅದೇ ಕುರ್ಚಿಯಲ್ಲಿ ಕುಳಿತು, ಕೆಲಸವನ್ನು ಶುದ್ಧವಾಗಿ ಮಾಡಿ ಬರುವುದೂ ಧೈರ್ಯವೇ.

ಮುಗಿಸುವ ಮೊದಲು ಒಂದು ಮಾತು. ಅಮೆರಿಕದ ಎಮಿ ಎಡ್ಮಂಡ್‌ಸನ್ ಎಂಬ ವಿದುಷಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಪರಿಶೀಲಿಸಿದರು. ಒಳ್ಳೆಯ ಮುಖ್ಯಸ್ಥರಿದ್ದ ಕಡೆ ತಪ್ಪು ಕಡಮೆಯಿರುವುದೆಂದು ಅವರ ನಿರೀಕ್ಷೆ. ಆದರೆ ಅಲ್ಲಿಯೇ ತಪ್ಪಿನ ವರದಿಗಳು ಹೆಚ್ಚಾಗಿದ್ದುವು. ಅಲ್ಲಿಯವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ. ಹೆದರದೆ ಹೇಳುತ್ತಿದ್ದರು ಎಂಬುದೇ ಅದಕ್ಕೆ ಕಾರಣವೆಂದು ಅವರು 1996ರಲ್ಲಿ ಪ್ರಕಟಿಸಿದರು. ಕೇಳುವವರಲ್ಲಿ ಅನೇಕರು ಈ ಹೊತ್ತಿಗೆ ತಾವೇ ನಾಲ್ಕಾರು ಮಂದಿಯ ಮೇಲಧಿಕಾರಿಗಳಾಗಿರಬಹುದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆಯಾಗಿ ನೊಂದವಳೇ ಅತ್ತೆಯಾಗಿ ನೋಯಿಸುವ ವಿಚಿತ್ರವನ್ನು ಮನೆಗಳಲ್ಲಿ ಕಂಡಿದ್ದೇವೆ; ಕಚೇರಿಗಳಲ್ಲಿಯೂ ಕಂಡಿದ್ದೇವೆ. ನಮ್ಮ ಮೇಜಿನ ಮುಂದೆ ಯಾರೂ ತಪ್ಪುಗಳನ್ನು ತರುತ್ತಿಲ್ಲವೆಂದರೆ, ತಪ್ಪುಗಳಿಲ್ಲವೆಂದು ಹಿಗ್ಗಬಾರದು. ತರಲು ಹೆದರುತ್ತಿದ್ದಾರೆಯೇ ಎಂದು ಕೇಳಿಕೊಳ್ಳಬೇಕು. ನಾಳೆ ಕಚೇರಿಗೆ ಹೋದಾಗ ಚೆನ್ನಾಗಿ ಕೆಲಸ ಮಾಡಿದ ಒಬ್ಬರನ್ನು ಕರೆದು, ಚೆನ್ನಾಗಿ ಮಾಡಿದಿರಿ ಎಂದು ಬಾಯಿಬಿಟ್ಟು ಹೇಳಿದರೆ, ಅವರ ಮನೆಯಲ್ಲಿ ಅಂದಿನ ಸಂಜೆ ಬೇರೆಯಾಗಿರುತ್ತದೆ.